ಪಂಚಾಯ್ತಿ ಬೇಡ, ಸಾಕ್ಷಿ ಬೇಕು

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯ ಹತ್ತಿರ ಒಳಕ್ಕೆ ತಿರುಗಿ ಶ್ರೀಗಂಧದ ಕಾವಲ್‌ನ ಅಡ್ಡರಸ್ತೆಗಳನ್ನು ಹಿಡಿದರೆ ಎದುರುಬದುರಾಗಿ ನಿಂತ ಬಾಡಿಗೆ ಕಟ್ಟಡಗಳೇ ಕಾಣುತ್ತವೆ. ಟ್ವೆಂಟಿ-ಥರ್ಟಿ ಸೈಟು, ಕೆಳಗೆ ಓನರ್, ಮೇಲೆ ಅಂತಸ್ತಿಗೆ ಎರಡು ಸಂಸಾರ. ಒಂದು ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಪಕ್ಕದ ಮನೆಯವರು ಲೆಕ್ಕ ಹೇಳಬಲ್ಲರು. ಹಾಗಿರುವಾಗ ರಾತ್ರಿ ಹತ್ತೂವರೆಗೆ ಪಾತ್ರೆ ಗೋಡೆಗೆ ಬಡಿದದ್ದು, ಹೆಂಗಸು ಕೂಗಿದ್ದು, ಮಗು ಅತ್ತದ್ದು ಕೇಳಿಸಲೇ ಇಲ್ಲ ಎಂದರೆ ನಂಬುವುದು ಕಷ್ಟ. ಕೇಳಿಸುತ್ತದೆ. ಟಿ.ವಿ. ಸೌಂಡು ಸ್ವಲ್ಪ ಜಾಸ್ತಿಯಾಗುತ್ತದೆ, ಅಷ್ಟೆ. ಬೆಳಿಗ್ಗೆ ನೀರು ಹಿಡಿಯುವಾಗ "ರಾತ್ರಿ ಏನೋ ಗಲಾಟೆ?" ಎಂದು ಒಬ್ಬರು ಕೇಳುತ್ತಾರೆ, "ಅವ್ರ ಮನೇದು ಇದ್ದಿದ್ದೇ ಬಿಡಿ" ಎಂದು ಇನ್ನೊಬ್ಬರು ಮುಗಿಸುತ್ತಾರೆ.

ಇದನ್ನು ಈ ಬಡಾವಣೆಯ ಮೇಲಿನ ದೂರೆಂದು ಓದಬೇಡಿ. ದೊಡ್ಡ ಕಾಂಪೌಂಡಿನ ಬಂಗಲೆಗಳಲ್ಲೂ ಕೈ ಎತ್ತುವವರಿದ್ದಾರೆ, ಅಲ್ಲಿನ ಸದ್ದು ಬೀದಿಗೆ ಬರುವುದಿಲ್ಲ. ಇಲ್ಲಿ ಬರುತ್ತದೆ. ಪಶ್ಚಿಮ ಬೆಂಗಳೂರಿನ ಇಂಥ ಒತ್ತೊತ್ತಾದ ಬೀದಿಗಳಿಗೆ ಇರುವ ಅನುಕೂಲವೇ ಅದು. ಕಿವಿಗೆ ಬಿದ್ದದ್ದನ್ನು ಏನು ಮಾಡಬೇಕೆಂದು ಗೊತ್ತಿಲ್ಲದಿರುವುದು ನಮ್ಮ ಸಮಸ್ಯೆ.

ಕೇಂದ್ರ ಸರ್ಕಾರದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ 2019-20ರಲ್ಲಿ ನಡೆಯಿತು. 18ರಿಂದ 49 ವರ್ಷದೊಳಗಿನ, ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ದೇಶದ ಸರಾಸರಿ ಶೇ 29ರ ಆಸುಪಾಸು. ರಾಜ್ಯಗಳ ಪಟ್ಟಿಯಲ್ಲಿ ನಮ್ಮದೇ ಮೊದಲ ಹೆಸರು. ಅದಕ್ಕೆ ಹಿಂದಿನ 2015-16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ಹೊಡೆತ ದುಪ್ಪಟ್ಟಾಯಿತೋ ಬಾಯಿಬಿಟ್ಟವರು ದುಪ್ಪಟ್ಟಾದರೋ ಎಂದು ವಾದ ಮಾಡಬಹುದು. ಎರಡನೆಯದೇ ನಿಜವೆಂದರೂ, ಹಿಂದಿನ ಸಲ ಅಷ್ಟೊಂದು ಜನ ಬಾಯಿ ಕಟ್ಟಿಕೊಂಡಿದ್ದರು ಎಂದಾಗುತ್ತದೆ. ಅದೂ ಸಮಾಧಾನ ಪಡುವ ಸಂಗತಿಯಲ್ಲ.

ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆ ಕೇಳಿತ್ತು. ಹೇಳದೆ ಹೊರಗೆ ಹೋದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಎದುರು ಮಾತಾಡಿದರೆ, ಅತ್ತೆ-ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ ಏಳು ಕಾರಣಗಳನ್ನು ಮುಂದಿಟ್ಟು ಗಂಡ ಹೊಡೆಯುವುದು ಸರಿಯೇ ಎಂದು ಕೇಳಿದರು. ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದವರು ಕರ್ನಾಟಕದ ಹೆಂಗಸರಲ್ಲಿ ಶೇ 76.9, ಗಂಡಸರಲ್ಲಿ ಶೇ 81.9. ಹೊಡೆಸಿಕೊಂಡವರಲ್ಲಿ ನೆರವು ಕೇಳಿದವರು ಇಡೀ ದೇಶದಲ್ಲಿ ಶೇ 14 ಮಾತ್ರ. ಶೇ 77ರಷ್ಟು ಮಂದಿ ನೆರವು ಕೇಳುವುದಿರಲಿ, ಯಾರಿಗೂ ಹೇಳಿಕೊಂಡೇ ಇಲ್ಲ. ಯಾರಿಗೆ ಹೇಳಬೇಕು? ಹೇಳಬೇಕಾದ ಆ ಪಕ್ಕದ ಮನೆಯವರೇ ಸಮೀಕ್ಷೆಯಲ್ಲಿ "ಹೊಡೆದರೆ ತಪ್ಪೇನು" ಎಂದವರು.

ಬೆಂಗಳೂರಿನಲ್ಲಿ ಈ ಮೌನವನ್ನು ಬೀದಿಗೆ ಎಳೆದು ತಂದವರ ಕಥೆ 1979ಕ್ಕೆ ಹೋಗುತ್ತದೆ. ಆ ವರ್ಷ ಶುರುವಾದ ‘ವಿಮೋಚನಾ’ ಸಂಘಟನೆಯ ಹೆಣ್ಣುಮಕ್ಕಳು ತೊಂಬತ್ತರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ನಿತ್ಯ ಹೋಗತೊಡಗಿದರು. ಡೊನ್ನಾ ಫರ್ನಾಂಡಿಸ್, ಮಧು ಭೂಷಣ್ ಮುಂತಾದವರು ಮುಂದೆ ನಿಂತಿದ್ದ ಕೆಲಸ ಅದು. ವಾರ್ಡಿನಲ್ಲಿ ಮಲಗಿದ್ದವರಲ್ಲಿ ಬಹಳ ಮಂದಿ ಮದುವೆಯಾಗಿ ಕೆಲವೇ ವರ್ಷವಾದ ಹುಡುಗಿಯರು. ಕಾರಣದ ಕಾಲಂನಲ್ಲಿ ಒಂದೇ ಮಾತು: ಸ್ಟೌ ಸಿಡಿಯಿತು. ಸ್ಟೌ ಸಿಡಿದರೆ ಸ್ಟೌ ಎಲ್ಲಿ? ಅದೇಕೆ ಯಾವಾಗಲೂ ಸೊಸೆಯ ಮುಂದೆಯೇ ಸಿಡಿಯುತ್ತದೆ, ಅತ್ತೆ ಅಡುಗೆ ಮಾಡುವಾಗ ಏಕೆ ಸಿಡಿಯುವುದಿಲ್ಲ? ಸೀಮೆಎಣ್ಣೆ ಸೀರೆಗೆ ಹೇಗೆ ಬಂತು? ಸಾಯುವ ಮುಂಚಿನ ಹೇಳಿಕೆಯನ್ನು ಬರೆದುಕೊಳ್ಳುವಾಗ ಹಾಸಿಗೆಯ ಪಕ್ಕದಲ್ಲಿ ಗಂಡನ ಮನೆಯವರು ಏಕೆ ನಿಂತಿದ್ದರು? ಈ ಪ್ರಶ್ನೆಗಳನ್ನು ಅವರು ಪೊಲೀಸರಿಗೆ, ವೈದ್ಯರಿಗೆ, ಸರ್ಕಾರಕ್ಕೆ ಕೇಳುತ್ತಾ ಹೋದರು. "ಅಪಘಾತ" ಎಂದು ಮುಚ್ಚಿದ ಕಡತಗಳು ನಗರದ ದೊಡ್ಡ ಸುದ್ದಿಯಾದವು. 1999ರಲ್ಲಿ ನಗರ ಪೊಲೀಸರು ‘ವನಿತಾ ಸಹಾಯವಾಣಿ’ಯನ್ನು ಆರಂಭಿಸಿದರು.

ಆ ವಾರ್ಡಿನಿಂದ ಕಲಿಯಬೇಕಾದ ಒಂದು ವಿಷಯವಿದೆ. ಸುಟ್ಟು ಬಂದ ಬಹುಪಾಲು ಹೆಣ್ಣುಮಕ್ಕಳ ಮನೆಯಲ್ಲಿ ಅದು ಮೊದಲ ಗಲಾಟೆಯಲ್ಲ. ಅದಕ್ಕೆ ಮುಂಚೆ ತವರಿನವರು ಬಂದು ಹೋಗಿದ್ದರು, ಹಿರಿಯರು ಕೂತು ಮಾತಾಡಿದ್ದರು, "ಇನ್ನು ಹೊಡೆಯಲ್ಲ" ಎಂದು ಮಾತು ಕೊಡಿಸಿದ್ದರು, ಹುಡುಗಿಯನ್ನು ವಾಪಸು ಕಳಿಸಿದ್ದರು. ಅಂದರೆ ಸಮುದಾಯ ಸುಮ್ಮನಿರಲಿಲ್ಲ, ಮಧ್ಯೆ ಬಂದಿತ್ತು. ಬಂದ ರೀತಿ ತಪ್ಪಿತ್ತು.

ನಮ್ಮಲ್ಲಿ ನೆರೆಹೊರೆಗೆ ಗೊತ್ತಿರುವುದು ಎರಡೇ ದಾರಿ. ಒಂದು, ಗಂಡ-ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಬಾಗಿಲು ಹಾಕಿಕೊಳ್ಳುವುದು. ಇನ್ನೊಂದು, ಪಂಚಾಯ್ತಿ. ಏರಿಯಾದ ಲೀಡರ್, ಸಂಘದ ಅಧ್ಯಕ್ಷರು, ಜಾತಿಯ ಹಿರಿಯರು, ಕೆಲವೊಮ್ಮೆ ಠಾಣೆಯ ಬೆಂಚಿನಲ್ಲಿ ಒಬ್ಬ ಪೊಲೀಸ್ ಸಿಬ್ಬಂದಿ, ಇವರೆಲ್ಲ ಸೇರಿ ರಾಜಿ ಮಾಡಿಸುತ್ತಾರೆ. ಕೂರುವ ಕ್ರಮವನ್ನು ಗಮನಿಸಿ. ಅವನು ಕುರ್ಚಿಯಲ್ಲಿ, ಅವಳು ಬಾಗಿಲ ಬಳಿ ನಿಂತು. ಅವಳನ್ನು ಕೇಳುವ ಮೊದಲ ಪ್ರಶ್ನೆ "ನೀನೇನಮ್ಮ ಅಂದೆ ಅವನಿಗೆ?" ಕೊನೆಗೆ ತೀರ್ಪು: "ನೀನೂ ಸ್ವಲ್ಪ ಹೊಂದಿಕೊಂಡು ಹೋಗು, ಅವನೂ ಕುಡಿಯೋದು ಕಮ್ಮಿ ಮಾಡ್ತಾನೆ." ಹೊಡೆದದ್ದನ್ನೂ ಎದುರು ಮಾತಾಡಿದ್ದನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸರಿದೂಗಿಸಿದ ಮೇಲೆ ಅವನಿಗೆ ತಿಳಿಯುವುದು ಇಷ್ಟೇ, ಹೊಡೆದರೆ ಒಂದು ಸಂಜೆ ಹಾಳಾಗುತ್ತದೆ, ಮಿಕ್ಕಂತೆ ಏನೂ ಆಗುವುದಿಲ್ಲ. ಬಾಯಿಬಿಟ್ಟರೆ ಬೀದಿಯೆಲ್ಲ ತನ್ನ ನಡತೆಯ ವಿಚಾರಣೆ ಮಾಡುತ್ತದೆ ಎಂಬುದು ಅವಳಿಗೆ ತಿಳಿಯುತ್ತದೆ. ಮುಂದಿನ ಸಲ ಅವಳು ಹೇಳುವುದಿಲ್ಲ.

ಮೂರನೆಯ ದಾರಿಯನ್ನು ಕಾನೂನೇ ಬರೆದಿಟ್ಟಿದೆ, ಬಹಳ ಜನರಿಗೆ ಗೊತ್ತಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 4ನೇ ಕಲಂ ಪಕ್ಕದ ಮನೆಯವರಿಗಾಗಿಯೇ ಬರೆದಂತಿದೆ. ಹಿಂಸೆ ನಡೆದಿದೆ, ನಡೆಯುತ್ತಿದೆ, ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಒಳ್ಳೆಯ ಉದ್ದೇಶದಿಂದ ಕೊಟ್ಟವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. 12ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವಳ ಪರವಾಗಿ ಬೇರೆಯವರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು ಎನ್ನುತ್ತದೆ. "ನಮಗ್ಯಾಕೆ ಕೋರ್ಟು ಕಚೇರಿ ಉಸಾಬರಿ" ಎನ್ನುವವರಿಗೆ ಕಾನೂನಿನ ಉತ್ತರ ಇದು: ಉಸಾಬರಿ ನಿಮ್ಮದಲ್ಲ, ಮಾಹಿತಿಯಷ್ಟೇ ನಿಮ್ಮದು.

ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿಯವರು ದಿನಾ ಹೇಳುವ ‘ಸಿಡಿಪಿಒ ಮೇಡಂ’. ನಿಮ್ಮ ಬೀದಿಯ ಅಂಗನವಾಡಿ ಟೀಚರಿಗೆ ಅವರ ಕಚೇರಿ ಎಲ್ಲಿದೆಯೆಂದು ಗೊತ್ತಿರುತ್ತದೆ. ಅಲ್ಲಿ ತುಂಬುವ ಮೊದಲ ಕಾಗದದ ಹೆಸರು ಕೌಟುಂಬಿಕ ಘಟನಾ ವರದಿ. ಯಾವತ್ತು, ಎಲ್ಲಿ, ಏನಾಯಿತು, ಯಾರಿದ್ದರು ಎಂದು ಒಂದೊಂದಾಗಿ ಕೇಳುವ ನಮೂನೆ ಅದು. ಏಟು ಮಾತ್ರವಲ್ಲ. ಇಷ್ಟವಿಲ್ಲದ ಲೈಂಗಿಕ ಬಲವಂತ, ಹೀಯಾಳಿಕೆ, ಹೆಣ್ಣು ಹೆತ್ತೆ ಎಂಬ ಚುಚ್ಚುಮಾತು, ಸಂಬಳ ಕಿತ್ತುಕೊಂಡದ್ದು, ಒಡವೆ ಅಡವಿಟ್ಟದ್ದು, ಮನೆಖರ್ಚಿಗೆ ಕೊಡದಿದ್ದದ್ದು, ಎಲ್ಲಕ್ಕೂ ಅಲ್ಲಿ ಜಾಗವಿದೆ. ಮೂರು ವರ್ಷದ ಕಥೆಯನ್ನು ನೆನಪಿನಿಂದ ಹೇಳಲು ಹೊರಟವಳಿಗೆ ತಾರೀಖು ತಪ್ಪುತ್ತದೆ. ಎದುರು ವಕೀಲರು ಹಿಡಿಯುವುದು ಅದನ್ನೇ. ಯುಗಾದಿ ಮಾರನೇ ದಿನ ರಾತ್ರಿ ಅವಳು ನಮ್ಮ ಮನೆಗೆ ಓಡಿಬಂದಳು, ತುಟಿ ಒಡೆದಿತ್ತು ಎಂದು ಪಕ್ಕದ ಮನೆಯಾಕೆ ಹೇಳಿದರೆ ಆ ಕಾಗದಕ್ಕೆ ಜೀವ ಬರುತ್ತದೆ. ಸಾಕ್ಷಿ ಬೇಕು ಎಂದು ನಾನು ಹೇಳುತ್ತಿರುವುದು ಇದಕ್ಕೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತೆಗೆದುಬಿಡುವುದು ಒಳ್ಳೆಯದು. "ಗಂಡನ್ನ ಜೈಲಿಗೆ ಹಾಕಿಸಿದಳು ಅಂತ ಹೆಸರು ಬರುತ್ತೆ" ಎಂಬ ಭಯಕ್ಕೇ ಬಹಳ ಜನ ಹಿಂದೆ ಸರಿಯುತ್ತಾರೆ. ಕ್ರೌರ್ಯಕ್ಕೆ ಶಿಕ್ಷೆ ಕೊಡುವುದು ಬೇರೆ ಕಾನೂನು. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಬಂದ 498-ಎ ಕಲಂ ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. 2005ರ ಕಾಯ್ದೆಯ ಉದ್ದೇಶ ಜೈಲಲ್ಲ. ಹೊಡೆಯಬೇಡ, ಅವಳ ಕೆಲಸದ ಜಾಗಕ್ಕೆ ಹೋಗಬೇಡ, ಮನೆಯಿಂದ ಆಚೆ ಹಾಕಬೇಡ, ಖರ್ಚಿಗೆ ಕೊಡು, ಮಕ್ಕಳನ್ನು ಅವಳ ಬಳಿ ಬಿಡು, ಈ ರೀತಿಯ ಆದೇಶಗಳು ಅದರಲ್ಲಿ ಸಿಗುತ್ತವೆ. ಆದೇಶ ಮೀರಿದರೆ ಮಾತ್ರ ಒಂದು ವರ್ಷದವರೆಗೆ ಸಜೆ ಅಥವಾ 20 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮದುವೆಯಾದವರಿಗಷ್ಟೇ ಅಲ್ಲ, ಜೊತೆಗೆ ಬಾಳುತ್ತಿರುವವರಿಗೆ, ಮಗನಿಂದ ಏಟು ತಿನ್ನುವ ತಾಯಿಗೆ, ಅಣ್ಣನ ಮನೆಯಲ್ಲಿರುವ ವಿಧವೆ ತಂಗಿಗೂ ಇದು ಅನ್ವಯ.

ಈಗ ಬಾಡಿಗೆ ಮನೆಗೆ ಬರೋಣ, ಶ್ರೀಗಂಧದ ಕಾವಲ್‌ನಂಥ ಕಡೆ ಗಂಟು ಇರುವುದೇ ಅಲ್ಲಿ. ಅಗ್ರಿಮೆಂಟು ಗಂಡನ ಹೆಸರಲ್ಲಿ, ಅಡ್ವಾನ್ಸು ಅವನ ಹೆಸರಲ್ಲಿ. ಆ ಅಡ್ವಾನ್ಸಿನಲ್ಲಿ ಅವಳ ಚೀಟಿ ದುಡ್ಡೂ ಸೇರಿರಬಹುದು, ಕಾಗದದಲ್ಲಿ ಅದು ಕಾಣುವುದಿಲ್ಲ. ಗಲಾಟೆ ಹೆಚ್ಚಾದಾಗ ಓನರ್ ಹೇಳುವುದು "ಮರ್ಯಾದಸ್ಥರು ಇರೋ ಜಾಗ, ಮನೆ ಖಾಲಿ ಮಾಡಿ." ಅವರಿಗೆ ಅದು ನ್ಯಾಯವೆಂದೇ ಅನ್ನಿಸುತ್ತದೆ. ಆದರೆ ಆ ಒಂದು ಮಾತಿನಿಂದ ಅವಳ ಪರಿಚಯದ ಬೀದಿ, ಮಕ್ಕಳ ಸ್ಕೂಲು, ಗುಟ್ಟು ಹೇಳಿಕೊಳ್ಳುತ್ತಿದ್ದ ಪಕ್ಕದ ಮನೆ, ಫ್ಯಾಕ್ಟರಿಗೆ ಹೋಗುವ ವ್ಯಾನಿನ ಸ್ಟಾಪು ಎಲ್ಲ ಹೋಗುತ್ತವೆ. ಅವನಿಗೆ ಹೋಗುವುದು ಏನೂ ಇಲ್ಲ, ಹೊಸ ಬೀದಿಯಲ್ಲಿ ಯಾರಿಗೂ ಅವನ ಚರಿತ್ರೆ ಗೊತ್ತಿರುವುದಿಲ್ಲ. ಕಾಯ್ದೆಯ ಪ್ರಕಾರ ಬಾಡಿಗೆ ಮನೆಯೂ ಅವಳ ‘ಹಂಚಿಕೊಂಡ ಮನೆ’ಯೇ, ಅಗ್ರಿಮೆಂಟು ಯಾರ ಹೆಸರಲ್ಲೇ ಇರಲಿ. ಅತ್ತೆ-ಮಾವನ ಸ್ವಂತ ಮನೆಯಾದರೂ ಅಲ್ಲಿ ವಾಸದ ಹಕ್ಕು ಕೇಳಬಹುದೆಂದು 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೇರೆ ಮನೆ ಮಾಡಿಕೊಡು ಇಲ್ಲವೇ ಬಾಡಿಗೆ ಕಟ್ಟು ಎಂದು ಗಂಡನಿಗೆ ಆದೇಶಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ. ಮನೆ ಓನರುಗಳು ಇದೊಂದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಖಾಲಿ ಮಾಡಿಸುವ ಬದಲು ಅವಳಿಗೆ ಒಂದು ಬಾಡಿಗೆ ರಸೀದಿ ಕೊಟ್ಟರೂ ಅದು ಕೋರ್ಟಿನಲ್ಲಿ ಅವಳು ಅಲ್ಲಿ ವಾಸವಿದ್ದದ್ದಕ್ಕೆ ದಾಖಲೆ.

ಹಾಗಂತ ಈ ಭಾಗದ ಹೆಂಗಸರು ಕೈಲಾಗದವರು ಎಂದುಕೊಂಡರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಪೀಣ್ಯ, ಮೈಸೂರು ರಸ್ತೆ, ಮಾಗಡಿ ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಯುವವರು ಇವರು. ಭವಿಷ್ಯ ನಿಧಿ ದುಡ್ಡು ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಹೊಸ ನಿರ್ಬಂಧ ತಂದಾಗ 2016ರ ಏಪ್ರಿಲ್ 18 ಮತ್ತು 19ರಂದು ಇದೇ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಕೂತರು, ಎರಡನೇ ದಿನ ಸಂಜೆಗೆ ದೆಹಲಿ ಆದೇಶ ವಾಪಸು ತೆಗೆದುಕೊಂಡಿತು. ದೆಹಲಿಯನ್ನು ಮಣಿಸಿದವಳು ಮನೆಯ ಹೊಸಿಲಲ್ಲಿ ಒಬ್ಬಂಟಿಯಾಗುತ್ತಾಳೆ, ಯಾಕೆಂದರೆ ರಸ್ತೆಯಲ್ಲಿದ್ದ ಸಾವಿರ ಜನ ಅಲ್ಲಿಲ್ಲ. ‘ಮುನ್ನಡೆ’ ಎಂಬ ಗಾರ್ಮೆಂಟ್ಸ್ ಮಹಿಳೆಯರ ಸಂಘಟನೆ ಫ್ಯಾಕ್ಟರಿಯ ಕಷ್ಟದ ಜೊತೆ ಮನೆಯ ಕಷ್ಟವನ್ನೂ ಮಾತಾಡಲು ಜಾಗ ಮಾಡಿಕೊಂಡದ್ದು ಈ ಕಾರಣಕ್ಕೇ. ಅದರೊಳಗಿಂದ 2012ರಲ್ಲಿ ಹೆಂಗಸರೇ ನಡೆಸುವ ‘ಗಾರ್ಮೆಂಟ್ ಲೇಬರ್ ಯೂನಿಯನ್’ ಹುಟ್ಟಿತು.

ದುಡಿಮೆಯೊಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆಯನ್ನೂ ಸ್ವಲ್ಪ ಅನುಮಾನದಿಂದ ನೋಡಬೇಕು. ಬೆಂಗಳೂರಿನ ಕಡಿಮೆ ಆದಾಯದ ಬಡಾವಣೆಗಳ 744 ಯುವ ವಿವಾಹಿತೆಯರನ್ನು ಸುನೀತಾ ಕೃಷ್ಣನ್ ಮತ್ತು ಸಂಗಡಿಗರು ಸತತವಾಗಿ ಗಮನಿಸಿ ಮಾಡಿದ ಅಧ್ಯಯನ 2010ರಲ್ಲಿ ‘ಸೋಷಿಯಲ್ ಸೈನ್ಸ್ ಅಂಡ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ, ಕೆಲಸಕ್ಕೆ ಹೋಗದೇ ಉಳಿದವರಿಗಿಂತ, ಹಿಂಸೆ ಎದುರಾಗುವ ಸಂಭವ ಶೇ 80ರಷ್ಟು ಹೆಚ್ಚಿತ್ತು. ಗಂಡನ ಕೆಲಸ ಡೋಲಾಯಮಾನವಾದಾಗಲೂ ಸಂಭವ ಹೆಚ್ಚಿತ್ತು. ಕೆಲಸ ಬಿಡಬೇಕೆಂದು ಇದರ ಅರ್ಥವಲ್ಲ. ಸಂಬಳ ಬರಲು ಶುರುವಾದ ಮೊದಲ ತಿಂಗಳುಗಳಲ್ಲೇ ಅವಳ ಕಡೆ ನಾಲ್ಕು ಜನ ಇರಬೇಕು ಎಂದು.

ಆ ನಾಲ್ಕು ಜನ ಇಲ್ಲದೆಯೂ ಇಲ್ಲ. ವಾರಕ್ಕೊಮ್ಮೆ ಯಾರದೋ ಜಗುಲಿಯಲ್ಲಿ ಸಾಲದ ಸಂಘದ ಮೀಟಿಂಗ್ ಇದೆ, ಸ್ತ್ರೀಶಕ್ತಿ ಗುಂಪಿದೆ. ಕಂತು ತಪ್ಪಿದರೆ ಹತ್ತು ಹೆಂಗಸರು ಬಾಗಿಲಿಗೆ ಬಂದು ಕೂರುತ್ತಾರೆ, ಕಣ್ಣು ಊದಿಸಿಕೊಂಡು ಬಂದವಳ ಬಾಗಿಲಿಗೆ ಒಬ್ಬರೂ ಹೋಗುವುದಿಲ್ಲ. ಅವಳ ಹೆಸರಿನಲ್ಲಿ ಸಾಲ ತೆಗೆದು ಅವನು ಬೈಕು ಕೊಂಡದ್ದು ಗುಂಪಿನ ಎಲ್ಲರಿಗೂ ಗೊತ್ತಿರುತ್ತದೆ. ದುಡ್ಡಿಗಾಗಿ ಕಟ್ಟಿದ ಗುಂಪು ಹತ್ತು ನಿಮಿಷವನ್ನು ಈ ಮಾತಿಗೆ ಮೀಸಲಿಟ್ಟರೆ ಹೊಸದಾಗಿ ಯಾವ ಸಂಘವನ್ನೂ ಕಟ್ಟಬೇಕಿಲ್ಲ. ಉಗಾಂಡದ ಕಂಪಾಲಾದಲ್ಲಿ ‘ಸಾಸಾ’ ಎಂಬ ಕಾರ್ಯಕ್ರಮ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಊರಿನವರೇ ಊರಿನವರ ಜೊತೆ, ಗಂಡಸರನ್ನೂ ಸೇರಿಸಿಕೊಂಡು, ವರ್ಷಗಟ್ಟಲೆ ಮಾತಾಡಿದರು. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದು ನಡೆದ ಬಡಾವಣೆಗಳಲ್ಲಿ ದೈಹಿಕ ಹಿಂಸೆ ನಡೆಯದ ಕಡೆಗಿಂತ ಶೇ 52ರಷ್ಟು ಕಡಿಮೆಯಿತ್ತು.

ಕುಡಿತವೇ ಕಾರಣ ಎನ್ನುವವರಿಗೆ ಒಂದು ಮಾತು. ಸಾರಾಯಿ ರಾಜ್ಯದಲ್ಲಿ 2007ರ ಜುಲೈ 1ರಿಂದ ನಿಂತಿದೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಸಂಕಟ ನಿಜ. ಆದರೆ ಕುಡಿದು ತೂರಾಡುವವನು ಓನರ್‌ಗೆ ಹೊಡೆಯುವುದಿಲ್ಲ, ಸೂಪರ್‌ವೈಸರ್‌ಗೆ ಹೊಡೆಯುವುದಿಲ್ಲ. ಯಾರಿಗೆ ಹೊಡೆದರೆ ನಡೆಯುತ್ತದೆ ಎಂಬ ಎಚ್ಚರ ಅಮಲಿನಲ್ಲೂ ಇರುತ್ತದೆ.

ಸರಿ, ಸದ್ದು ಕೇಳಿಸಿತು. ಏನು ಮಾಡಬೇಕು? 2008ರಲ್ಲಿ ‘ಬ್ರೇಕ್‌ಥ್ರೂ’ ಸಂಸ್ಥೆ ‘ಬೆಲ್ ಬಜಾವೋ’ ಎಂಬ ಜಾಹೀರಾತು ಸರಣಿ ತಂದಿತ್ತು, ಕರ್ನಾಟಕದ ಊರುಗಳಲ್ಲೂ ಅದರ ವ್ಯಾನು ಓಡಾಡಿತ್ತು. ಕ್ರಿಕೆಟ್ ಆಡುತ್ತಿದ್ದ ಹುಡುಗರು ಏಟಿನ ಸದ್ದು ಕೇಳಿ ಬೆಲ್ ಒತ್ತಿ "ಬಾಲ್ ಕೊಡಿ" ಎನ್ನುತ್ತಾರೆ, ಬಾಲ್ ಅವರ ಕೈಯಲ್ಲೇ ಇರುತ್ತದೆ. ಬೈಗುಳವಿಲ್ಲ, ಭಾಷಣವಿಲ್ಲ. ಎತ್ತಿದ ಕೈ ಆ ಕ್ಷಣಕ್ಕೆ ಕೆಳಗಿಳಿಯುತ್ತದೆ, ಹೊರಗಿನವರಿಗೆ ಗೊತ್ತಿದೆ ಎಂದು ಅವನಿಗೂ ತಿಳಿಯುತ್ತದೆ. ಸಕ್ಕರೆ ಕೇಳಿ, ಮೋಟರ್ ಆನ್ ಮಾಡಿದ್ದೀರಾ ಎಂದು ಕೇಳಿ. ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಜೀವಕ್ಕೇ ಅಪಾಯ ಎನ್ನಿಸಿದರೆ ಬೆಲ್ಲೂ ಬೇಡ, ನೇರ 112.

ಅದಾದ ಮೇಲಿನ ಕೆಲಸ ಹಗಲಿನದು. ಅವನಿಲ್ಲದ ಹೊತ್ತಿನಲ್ಲಿ ಅವಳ ಜೊತೆ ಮಾತಾಡಿ. "ಯಾಕೆ ಸಹಿಸ್ಕೊಂಡಿದೀಯ" ಎನ್ನಬೇಡಿ, "ನಾನು ಕೇಳಿಸ್ಕೊಂಡೆ ಕಣಮ್ಮ" ಎನ್ನಿ. ಅವಳ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಮಕ್ಕಳ ಜನನ ಪ್ರಮಾಣಪತ್ರ, ಮದುವೆ ಫೋಟೊ, ಒಡವೆ ಬಿಲ್ಲು, ಇವುಗಳ ಜೆರಾಕ್ಸನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಿಮ್ಮ ಬೀರುವಿನಲ್ಲಿಡಿ. ಒರಿಜಿನಲ್ ಆಧಾರ್ ಮಾತ್ರ ಅವಳ ಹತ್ತಿರವೇ ಇರಲಿ. 2023ರ ಜೂನ್‌ನಿಂದ ಬಸ್ಸಿಗೆ ದುಡ್ಡು ಬೇಕಿಲ್ಲ, ಆದರೆ ಕಂಡಕ್ಟರ್ ಕಾರ್ಡು ಕೇಳುತ್ತಾರೆ. ಕೈಯಲ್ಲಿ ಕಾಸಿಲ್ಲದೆಯೂ ತವರಿಗೆ ಹೊರಡಬಹುದು ಎಂಬುದು ‘ಶಕ್ತಿ’ ಯೋಜನೆಯ ಬಗ್ಗೆ ಯಾವ ಚರ್ಚೆಯಲ್ಲೂ ಬಾರದ ಒಂದು ಉಪಯೋಗ. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಜೊತೆಗೆ ಹೋಗಿ, ಡಾಕ್ಟರಿಗೆ ನಿಜ ಹೇಳಲು ಧೈರ್ಯ ಕೊಡಿ. "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದರೆ ಚೀಟಿಯಲ್ಲಿ ಅದೇ ಬರೆಯುತ್ತಾರೆ, ನಾಳೆ ಕೋರ್ಟು ಅದನ್ನೇ ಓದುತ್ತದೆ. ಕುತ್ತಿಗೆ ಹಿಸುಕಿದ ಎಂದು ಹೇಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಮುಂದೆ ಕೊಲೆಯಾಗಬಹುದು ಎಂಬುದರ ಗುರುತುಗಳಲ್ಲಿ ಅದೊಂದು. ಬಿಟ್ಟು ಹೊರಡುವ ದಿನಗಳೇ ಹೆಚ್ಚು ಅಪಾಯದವು. ಅವಳು ಎಲ್ಲಿಗೆ ಹೋದಳೆಂದು "ಪಾಪ, ಅಳ್ತಾ ಇದ್ದ" ಎಂಬ ಕನಿಕರಕ್ಕೆ ಬಿದ್ದು ಅವನಿಗೆ ಹೇಳಿಬಿಡಬೇಡಿ.

ಹೊರಡಬೇಕೋ ಇರಬೇಕೋ ಎಂಬುದು ಅವಳ ತೀರ್ಮಾನ. ಹೋಗಿ ಮತ್ತೆ ವಾಪಸು ಬಂದರೆ "ಇವಳದ್ದು ಇಷ್ಟೇ" ಎಂದು ನಾವು ಕೈತೊಳೆದುಕೊಳ್ಳುತ್ತೇವೆ. ಮಕ್ಕಳ ಪರೀಕ್ಷೆ, ಸಾಲದ ಕಂತು, ತಂಗಿಯ ಮದುವೆ, ಹೀಗೆ ಅವಳ ಲೆಕ್ಕದಲ್ಲಿ ನಮಗೆ ಕಾಣದ ಕಲಂಗಳಿರುತ್ತವೆ.

ಸರ್ಕಾರದ ಕಡೆಯ ಕೊರತೆಯನ್ನು ಮರೆಮಾಚಿ ಎಲ್ಲವನ್ನೂ ನೆರೆಹೊರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂಗನವಾಡಿ, ಪೌಷ್ಟಿಕ ಆಹಾರ, ಹತ್ತಾರು ಯೋಜನೆಗಳ ನಡುವೆ ಸಿಡಿಪಿಒಗೆ ಸಂರಕ್ಷಣಾಧಿಕಾರಿ ಕೆಲಸ ಒಂದು ಹೆಚ್ಚುವರಿ ಹೊಣೆ. ಅರ್ಜಿಯ ಮೊದಲ ವಿಚಾರಣೆ ಮೂರು ದಿನದೊಳಗೆ, ತೀರ್ಮಾನ 60 ದಿನದೊಳಗೆ ಎಂದು ಕಾಯ್ದೆ ಹೇಳುತ್ತದೆ, ಕೋರ್ಟಿನ ಮೆಟ್ಟಿಲು ಹತ್ತಿದವರು ನಗುತ್ತಾರೆ. ನೊಂದ ಹೆಣ್ಣುಮಕ್ಕಳ ನೆರವಿಗೆ 2000-01ರಲ್ಲಿ ಶುರುವಾದ ‘ಸಾಂತ್ವನ’ ಕೇಂದ್ರಗಳಲ್ಲಿ ಹಲವನ್ನು, ಅದೇ ಕೆಲಸದ ‘ಸಖಿ’ ಕೇಂದ್ರಗಳು ಬಂದವಲ್ಲ ಎಂದು, ಸರ್ಕಾರ 2021ರಲ್ಲಿ ಮುಚ್ಚಲು ಹೊರಟಾಗ ಮಹಿಳಾ ಸಂಘಟನೆಗಳು ಸಿಟ್ಟಿಗೆದ್ದವು. ಸಖಿಯಲ್ಲಿ ತಂಗಲು ಸಿಗುವುದು ಐದು ದಿನ. ಆರನೆಯ ದಿನಕ್ಕೆ ಎಲ್ಲಿಗೆ? ಸಂರಕ್ಷಣಾಧಿಕಾರಿಗಳನ್ನು ತಾಲ್ಲೂಕು ಮಟ್ಟದವರೆಗೆ ಗುರುತಿಸಿ, ಕಾಯ್ದೆಗೆ ಪ್ರಚಾರ ಕೊಡಿ ಎಂದು 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ರಾಜ್ಯಗಳಿಗೆ ಹೇಳಬೇಕಾಯಿತು, ಕಾಯ್ದೆ ಬಂದು ಸುಮಾರು ಇಪ್ಪತ್ತು ವರ್ಷವಾದ ಮೇಲೆ.

ಪ್ರಚಾರದ ಕೆಲಸಕ್ಕಾದರೂ ನಾವು ಕಾಯಬೇಕಿಲ್ಲ. ಮಹಿಳೆಯರ ಸಹಾಯವಾಣಿ 181. ಪುಕ್ಕಟೆ ವಕೀಲರಿಗೆ 15100, ಹೆಣ್ಣುಮಕ್ಕಳಿಗೆ ಇದಕ್ಕೆ ಆದಾಯದ ಮಿತಿಯಿಲ್ಲ. ತುರ್ತಿಗೆ 112. ಬ್ಯಾನರಿಗೆ ನಿಷೇಧವಿದ್ದರೂ ಗಣೇಶ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ನಮ್ಮ ಅಡ್ಡರಸ್ತೆಗಳಲ್ಲಿ ಅದು ಏಳದೇ ಇರುವುದಿಲ್ಲ, ಹತ್ತಿಪ್ಪತ್ತು ಮುಖಗಳು ಕೈಮುಗಿದು ನಿಂತಿರುತ್ತವೆ. ಮಹಿಳೆಯರ ಮೇಲಿನ ದೌರ್ಜನ್ಯ ನಿರ್ಮೂಲನೆಯ ದಿನ ನವೆಂಬರ್ 25, ರಾಜ್ಯೋತ್ಸವದ ತಿಂಗಳಲ್ಲೇ ಬರುತ್ತದೆ. ಬಡಾವಣೆಯ ಸಂಘದವರಲ್ಲಿ ಒಂದು ಕೋರಿಕೆ: ಈ ಸಲ ಒಂದೆರಡು ಮುಖ ಕಡಿಮೆ ಮಾಡಿ, ಆ ಜಾಗದಲ್ಲಿ ಈ ಮೂರು ನಂಬರುಗಳನ್ನೂ ನಿಮ್ಮ ಸಿಡಿಪಿಒ ಕಚೇರಿಯ ವಿಳಾಸವನ್ನೂ ದಪ್ಪಕ್ಷರದಲ್ಲಿ ಬರೆಸಿ.